ಮೈಕಿಗೂ ಬಾಯಿಗೂ ಒಂದು ಗೇಣು

ಚಳ್ಳಕೆರೆ
12 ಫೆಬ್ರವರಿ 2007

ಚಿರಂಜೀವಿ ಜ್ಯೋತಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದರೆ ನೀನೇ ನಗುತ್ತೀಯ ಎಂದು ಬಿಟ್ಟಿದ್ದೇನೆ. ನೀನು ದಾವಣಗೆರೆ ಆಸ್ಪತ್ರೆಯ ಬಾಗಿಲವರೆಗೂ ಬಂದಿದ್ದೆಯಂತೆ. ನಿನ್ನ ತಮ್ಮ ಮಲ್ಲಿಕ್ ಅಲ್ಲಿಂದಲೇ ನಿನ್ನನ್ನು ವಾಪಸು ಕಳಿಸಿದ ಸಂಗತಿ ನನಗೆ ಗೊತ್ತಾದದ್ದು ಊರಿಗೆ ಬಂದ ಮೇಲೆ. ಚೆನ್ನಾಗಿ ಬೈದೆ. "ಅಪ್ಪನ ಮಾತು ಮೀರಕ್ಕಾಗಲ್ಲ ಕಣವ್ವ" ಅಂದ. ಅಪ್ಪನ ಮಾತೇ ಹೋಗಿದೆ, ಇವನು ಅದನ್ನು ಮೀರುವುದಿಲ್ಲವಂತೆ.

ಸಂಕ್ರಾಂತಿಯ ಹಿಂದಿನ ದಿನ ನಿಮ್ಮಪ್ಪ ನಮ್ಮ ಎಣ್ಣೆ ಮಿಲ್ಲಿನಲ್ಲಿ ನಿಂತಲ್ಲೇ ಲಕ್ವ ಹೊಡೆದು ಬಿದ್ದರು. ಈಗ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರೆ. ಬಲಗೈ ಇನ್ನೂ ಬಂದಿಲ್ಲ. ಬಾಯಿ ಪೂರ್ತಿ ಬಿದ್ದುಹೋಗಿದೆ. ಒಂದೇ ಒಂದು ಮಾತು ಉಳಿದುಕೊಂಡಿದೆ, "ಬ್ಯಾಡ". ಊಟ ಬಡಿಸಿದರೂ ಬ್ಯಾಡ, ತಟ್ಟೆ ಎತ್ತಿದರೂ ಬ್ಯಾಡ. ಮುದ್ದೆಯನ್ನು ಬ್ಯಾಡ ಬ್ಯಾಡ ಎನ್ನುತ್ತಲೇ ನುಂಗುತ್ತಾರೆ. ಮಂಡಿಯಲ್ಲಿ ಶೇಂಗಾ ದರ ಕೂಗಿದರೆ ಬಸ್ ಸ್ಟ್ಯಾಂಡಿಗೆ ಕೇಳುತ್ತಿದ್ದ ಮನುಷ್ಯ.

ಆ ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟ್ರಮ್ಮ ಒಬ್ಬರಿದ್ದಾರೆ. ಮಾತು ಸತ್ತಿಲ್ಲ, ಒಳಗೆ ಸಿಕ್ಕಿಕೊಂಡಿದೆ ಅನ್ನುತ್ತಾರೆ. ಮನೆಯವರ ದನಿಯಲ್ಲಿ ಒಂದೊಂದೇ ಪದ, ಮನೆಯವರೆಲ್ಲರ ಹೆಸರು ಹೇಳಿ ರೆಕಾರ್ಡ್ ಮಾಡಬೇಕಂತೆ, ದಿನಾ ಬೆಳಿಗ್ಗೆ ಸಂಜೆ ಕೇಳಿಸಬೇಕಂತೆ. ದನಿ ತಿಳಿಯಾಗಿರಬೇಕು, ಬೇರೆ ಸದ್ದು ಸೇರಿದರೆ ಅವರ ತಲೆ ಗೊಂದಲವಾಗುತ್ತದೆ ಅಂದರು. ನಾನು ಟೇಪ್ ರೆಕಾರ್ಡರಿನಲ್ಲಿ ಮಾಡಿದೆ. ಫ್ಯಾನು, ಮಿಲ್ಲಿನ ಮೊರೆತ, ಬೀದಿಯ ಆಟೋ ಎಲ್ಲ ಬಂತು, ನನ್ನ ದನಿ ಒಂದು ಬಿಟ್ಟು. ನಿಮ್ಮಪ್ಪ ಕೇಳಿ ಎಡಗೈಯಿಂದ ಕಿವಿ ಮುಚ್ಚಿಕೊಂಡರು.

ನೀನು ಕಂಪ್ಯೂಟರ್ ಕಲಿಸುವವಳು. ಮಿಲ್ಲಿನ ಲೆಕ್ಕದ ಕಂಪ್ಯೂಟರು ಈಗ ನಡುಮನೆಗೆ, ಅವರ ಮಂಚದ ಪಕ್ಕಕ್ಕೆ ಬಂದಿದೆ. ಅದರಲ್ಲಿ ದನಿ ಹಿಡಿಯುವುದು ಹೇಗೆ, ಬರೆದು ತಿಳಿಸು. ಫೋನಿನಲ್ಲಿ ಕೇಳುವ ಹಾಗಿಲ್ಲ, ಫೋನು ಅವರ ಮಂಚದ ತಲೆದೆಸೆಯಲ್ಲೇ ಇದೆ. ಎರಡು ವರ್ಷದ ಹಿಂದೆ ನೀನು ಗಂಡನ ಮನೆ ಬಿಟ್ಟು ಟ್ರಂಕು ಹಿಡಿದು ಬಂದಾಗ ಅವರು ಹೊಸ್ತಿಲ ಮೇಲೆ ನಿಂತು ಆಡಿದ್ದು ನಿನಗೂ ಮರೆತಿರಲಿಕ್ಕಿಲ್ಲ. "ವಾಪಸ್ ಹೋಗೋದಾದ್ರೆ ಈ ಮನೆ ಐತೆ. ಇಲ್ದಿದ್ರೆ ಇವಳ ಹೆಸರು ಈ ಮನೇಲಿ ಯಾರ ಬಾಯಲ್ಲೂ ಬರಕೂಡ್ದು." ಅಂದಿನಿಂದ ಆ ಹೆಸರು ಬಂದಿಲ್ಲ. ಈ ಕಾಗದಕ್ಕೆ ಉತ್ತರವನ್ನು ಹಿಂದಿನ ಬೀದಿಯ ಗಂಗಾಂಬಿಕಾ ಮನೆಗೆ ಬರೆ. ಭಜನೆಗೆ ಹೋದಾಗ ತೆಗೆದುಕೊಳ್ಳುತ್ತೇನೆ.

ನಿನ್ನ ಅವ್ವ
ದ್ರಾಕ್ಷಾಯಣಮ್ಮ


ಮೊಳಕಾಲ್ಮೂರು
19 ಫೆಬ್ರವರಿ 2007

ಅವ್ವನಿಗೆ ಜ್ಯೋತಿಯ ಶರಣು.

ಕಾಗದ ತಲುಪಿತು. ಆಸ್ಪತ್ರೆಯ ವಿಷಯ ಬಿಡು. ಮಲ್ಲಿಕ್ ಕೂಗಾಡಲಿಲ್ಲ, ಬಾಗಿಲಿಗೆ ಅಡ್ಡ ನಿಂತ ಅಷ್ಟೆ. ನಾನು ತಂದಿದ್ದ ಎಳನೀರನ್ನು ಮಾತ್ರ ಇಸಿದುಕೊಂಡ.

ನಾಳೆ ಹನುಮಣ್ಣನ ಬಸ್ಸಿನಲ್ಲಿ ಒಂದು ಮೈಕು ಕಳಿಸುತ್ತೇನೆ. ಹನುಮಣ್ಣ ಕಂಡಕ್ಟರು, ನಂಬಿಕಸ್ಥ. ಮೈಕು ನನ್ನದೇ. ಇಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಪಾಠಗಳನ್ನು ರೆಕಾರ್ಡ್ ಮಾಡೋಣ ಎಂದು ಬಳ್ಳಾರಿಯಿಂದ ತರಿಸಿದ್ದೆ. ನಮ್ಮ ಬೀದಿ ತುಂಬ ರೇಷ್ಮೆ ಮಗ್ಗ. ಮನೆಯ ಒಡತಿ ಪಾತಮ್ಮನನ್ನು ಅರ್ಧ ಗಂಟೆ ಮಗ್ಗ ನಿಲ್ಲಿಸಿ ಎಂದು ಕೇಳಿದರೆ, "ಮಗ್ಗಂ ಆಪಮಂಟಾವಾ ತಲ್ಲೀ? ಮಗ್ಗ ನಿಂತ್ರೆ ನಮ್ ಒಲೆ ನಿಲ್ತೈತೆ" ಎಂದು ತೆಲುಗು ಬೆರೆಸಿ ಅಂದಳು. ಹಾಗಾಗಿ ಸದ್ದನ್ನು ಹೊರಗಿಡುವ ವಿದ್ಯೆ ನನಗೆ ಚೆನ್ನಾಗಿ ಬಂದಿದೆ. ನೀನು ಹೀಗೆ ಮಾಡು.

ಹಳೆಯ ಮೈಕುಗಳ ಪಿನ್ನು ಕಂಪ್ಯೂಟರಿನ ಹಿಂದಿನ ಗುಂಡು ತೂತಿಗೆ ಹೋಗುತ್ತದೆ, ಅದರಲ್ಲಿ ಜುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ. ಇದು ಯುಎಸ್‌ಬಿ ಮೈಕು. ತುದಿ ಚಪ್ಪಟೆಯಾಗಿದೆ, ಮುಂದುಗಡೆಯ ಚಪ್ಪಟೆ ಕಿಂಡಿಗೆ ಸಿಕ್ಕಿಸು. ಜೊತೆಗೆ ಉದ್ದ ವೈರು ಇಟ್ಟಿದ್ದೇನೆ. ಕಂಪ್ಯೂಟರು ನಡುಮನೆಯಲ್ಲೇ ಇರಲಿ, ಮೈಕನ್ನು ಪಕ್ಕದ ಉಗ್ರಾಣಕ್ಕೆ ಒಯ್ಯಿ. ಅಲ್ಲಿ ಶೇಂಗಾ ಚೀಲಗಳ ನಡುವೆ ಕೂತು ಮಾತಾಡು. ಗೋಣಿಚೀಲ ಸದ್ದನ್ನು ಕುಡಿಯುತ್ತದೆ, ಅದಕ್ಕಿಂತ ಒಳ್ಳೆಯ ಕೋಣೆ ರೇಡಿಯೋದವರಿಗೂ ಇರಲಿಕ್ಕಿಲ್ಲ. ಫ್ಯಾನು, ಫ್ರಿಜ್ಜು ಆರಿಸು. ಮೈಕಿಗೂ ಬಾಯಿಗೂ ಒಂದು ಗೇಣು ದೂರ ಇರಲಿ.

ಬಹಳ ಮುಖ್ಯವಾದದ್ದು ಇದು. ಕಂಪ್ಯೂಟರಿಗೆ ಯಾವ ಮೈಕಿನಿಂದ ಕೇಳಿಸಿಕೊಳ್ಳಬೇಕು ಎಂದು ನಾವೇ ಹೇಳಬೇಕು. ರೆಕಾರ್ಡ್ ಮಾಡುವ ಪರದೆಯಲ್ಲಿ ಒಂದು ಪಟ್ಟಿ ಬರುತ್ತದೆ, ಚಿತ್ರ ಬರೆದು ಇಟ್ಟಿದ್ದೇನೆ. ಅದರಲ್ಲಿ USB ಎಂಬ ಮೂರು ಅಕ್ಷರ ಇರುವ ಸಾಲನ್ನು ಒತ್ತು. ಮುಗಿದ ಮೇಲೆ ಒಂದು ಸಲ ಹಾಕಿ ಕೇಳು. ಕೇಳದೆ ಯಾವುದನ್ನೂ ನಂಬಬೇಡ.

ಮೊದಲು ಅಪ್ಪನ ಹೆಸರಿನಿಂದ ಶುರು ಮಾಡು. "ಕೊಟ್ಟೂರಪ್ಪ" ಎಂದು ನಿಧಾನವಾಗಿ, ಮೂರು ಸಲ. ತನ್ನ ಹೆಸರು ಕೇಳಿದರೆ ಯಾರಿಗಾದರೂ ತಲೆ ಎತ್ತಬೇಕು ಅನ್ನಿಸುತ್ತದೆ.

ಅಪ್ಪನಿಗೆ ನಿದ್ದೆ ಬರುತ್ತಿದೆಯೇ?

ಜ್ಯೋತಿ


ಚಳ್ಳಕೆರೆ
6 ಮಾರ್ಚ್ 2007

ಚಿರಂಜೀವಿ ಜ್ಯೋತಿಗೆ ಆಶೀರ್ವಾದ.

ಮೈಕು ಬಂತು. ಹನುಮಣ್ಣ ಅದನ್ನು ಟವಲ್ಲಿನಲ್ಲಿ ಸುತ್ತಿ ಹಸುಗೂಸಿನ ಹಾಗೆ ತಂದುಕೊಟ್ಟ. ಹೊಸ ಸಾಮಾನು ಎಂದು ನಾನು ವಿಭೂತಿ ಹಚ್ಚಿದೆ, ತೂತುಗಳಿಗೆ ಹೋಗದ ಹಾಗೆ ಕೆಳಗಡೆ. ಮಲ್ಲಿಕ್ "ಎಲ್ಲಿಂದ ಬಂತವ್ವ ಇದು?" ಎಂದು ಕೇಳಿದ. ಗಂಗಾಂಬಿಕಾ ಕೊಟ್ಟಳು ಅಂದೆ. ಅವನು ಮೈಕನ್ನೂ ನೋಡಿದ, ನನ್ನ ಮುಖವನ್ನೂ ನೋಡಿದ. ಆಮೇಲೆ ತಾನೇ ಬಗ್ಗಿ ಚಪ್ಪಟೆ ಕಿಂಡಿಗೆ ಸಿಕ್ಕಿಸಿಕೊಟ್ಟ. ಆ ಮೂರು ಅಕ್ಷರವನ್ನು ಡಬ್ಬಿಯ ಮೇಲಿನ ಅಕ್ಷರಕ್ಕೆ ಹೋಲಿಸಿ ನಾನೇ ಹುಡುಕಿ ಒತ್ತಿದೆ. ಏಳನೇ ಕ್ಲಾಸಿನವಳು ಎಂದು ಹಗುರವಾಗಿ ತಿಳಿಯಬೇಡ.

ನೀರು, ಅನ್ನ, ಮುದ್ದೆ, ಮಜ್ಜಿಗೆ, ಹಾಸಿಗೆ, ಕನ್ನಡಕ ಎಲ್ಲ ಹೇಳಿದೆ. ಮಜ್ಜಿಗೆಯ "ಮ" ಚೆನ್ನಾಗಿ ಬಂತು. "ಪ" ಬಂದಲ್ಲೆಲ್ಲ ಪಟಾಕಿ ಹೊಡೆದ ಹಾಗೆ ಆಗುತ್ತದೆ. ಅಡ್ಡ ಏನಾದರೂ ಹಿಡಿಯೋಣ ಎಂದು ಚಾ ಸೋಸುವ ಜರಡಿ ಹಿಡಿದೆ, ಸ್ವಲ್ಪ ವಾಸಿ. ಒಂದು ತುಣುಕನ್ನು ಪೆನ್ ಡ್ರೈವಿನಲ್ಲಿ ಕಳಿಸಿದ್ದೇನೆ, ಕೇಳಿ ನೋಡು. ಗಂಗಾಂಬಿಕಾ ಸೊಸೈಟಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳಲ್ಲವೇ, ಅವಳೇ ಹಾಕಿಕೊಟ್ಟಳು.

ನಿಮ್ಮಪ್ಪನ ಹೆಸರು ಮಾತ್ರ ಹೇಳಲಿಲ್ಲ. ಅಲ್ಲಿ ಬಾಯಿ ಮುಚ್ಚಿ ಕೂತೆ, ಆ ಜಾಗ ಖಾಲಿ ಇದೆ.

ನಗಬೇಡ. ನೀನು ಮುರುಗೇಶ, ಮುರುಗೇಶ ಎಂದು ಗಂಡನನ್ನು ಮೊದಲ ದಿನದಿಂದ ಹೆಸರು ಹಿಡಿದು ಕರೆದವಳು, ನಿನಗೆ ಗೊತ್ತಾಗುವುದಿಲ್ಲ. ಮದುವೆಯಾಗಿ ಬಂದ ದಿನ ಒಗಟು ಹಾಕಿ ಹೆಸರು ಹೇಳು ಎಂದು ನಾದಿನಿಯರು ಬಾಗಿಲಲ್ಲಿ ತಡೆದರು. ಒಗಟೆಲ್ಲ ಹೇಳಿದೆ, ಹೆಸರಿನ ಹತ್ತಿರ ಬಂದು ನಿಂತುಬಿಟ್ಟೆ. ನಿಮ್ಮಜ್ಜಿ "ಹೋಗ್ಲಿ ಬಿಡ್ರೇ, ಹುಡುಗಿ ಬೆವರ್ತೈತೆ" ಎಂದು ಒಳಗೆ ಕರೆದುಕೊಂಡರು. ಆಮೇಲೆ ರೇಷನ್ ಕಾರ್ಡಿಗೂ ಬೇರೆಯವರೇ ಹೇಳಿದ್ದು. ಅವರ ಹೆಸರಿನ ಸ್ವಾಮಿಯ ಊರಿಗೆ ಬಸ್ಸು ಹತ್ತಿದರೂ ಕಂಡಕ್ಟರಿಗೆ "ಕೂಡ್ಲಿಗಿ ದಾಟಿ ಆಮೇಲಿಂದು" ಎನ್ನುತ್ತಿದ್ದೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಸುಳ್ಳೇ ಇರಬಹುದು. ಮಂಚದಲ್ಲಿ ಹೀಗೆ ಮಲಗಿರುವಾಗ ಪರೀಕ್ಷೆ ಮಾಡಿ ನೋಡುವುದಕ್ಕೆ ನನಗೆ ಭಯ.

ಡಾಕ್ಟ್ರಮ್ಮನಿಗೆ ಹೇಳಿದರೆ, "ಹೆಸರೇ ಇಲ್ದೆ ಕರೆದ್ರೆ ಅವ್ರು ಹೆಂಗ್ರೀ ತಿರುಗ್ತಾರೆ?" ಅಂದರು. ಮಲ್ಲಿಕ್ ಮಗನಲ್ಲವೇ, ಅಪ್ಪನನ್ನು ಹೆಸರು ಹಿಡಿದು ಕೂಗಲಾರ. ನೀನು ಹೇಳಿ ಕಳಿಸುತ್ತೀಯಾ? ನಿನ್ನ ದನಿ ಎಂದು ಹೇಳದೆ ಹಾಕುತ್ತೇನೆ.

ನಿನ್ನ ಅವ್ವ


ಮೊಳಕಾಲ್ಮೂರು
14 ಮಾರ್ಚ್ 2007

ಅವ್ವನಿಗೆ ಶರಣು.

ತುಣುಕು ಕೇಳಿದೆ. ನೀನು ಭಜನೆ ಮೈಕಿನ ಹಾಗೆ ಬಾಯಿಗೆ ಹಚ್ಚಿಕೊಂಡು ಮಾತಾಡಿದ್ದೀಯ. ಅದಕ್ಕೇ "ಪ" ಸಿಡಿಯುವುದು. ಗೇಣು ಎಂದರೆ ಪೂರ್ತಿ ಗೇಣು. ಮೈಕನ್ನು ನೇರ ಇಡದೆ ಸ್ವಲ್ಪ ಓರೆ ಇಡು, ಉಸಿರು ಪಕ್ಕಕ್ಕೆ ಹೋಗಲಿ. ಜರಡಿ ಬಿಟ್ಟು ಕಸೂತಿಯ ಬಳೆಗೆ ತೆಳು ಬಟ್ಟೆ ಬಿಗಿದು ಅಡ್ಡ ನಿಲ್ಲಿಸು. ಪರದೆಯ ಮೇಲಿನ ಗೆರೆ ಹಸಿರಿನಲ್ಲಿ ಆಡಬೇಕು, ಕೆಂಪಿಗೆ ಹೋದರೆ ದನಿ ಒಡೆದಿದೆ ಎಂದರ್ಥ.

ಅಪ್ಪನ ಹೆಸರನ್ನು ನಾನು ಹೇಳಿ ಕಳಿಸುವುದಿಲ್ಲ. ಕಳ್ಳ ಸಾಮಾನಿನ ಹಾಗೆ ನನ್ನ ದನಿಯನ್ನು ಆ ಮನೆಗೆ ತೂರಿಸಬೇಡ. ನಾನು ಟ್ರಂಕು ಹಿಡಿದು ಬಂದಾಗ ನನ್ನ ಎಡಗೆನ್ನೆ ಊದಿತ್ತು. ಅಪ್ಪ ಅದನ್ನು ನೋಡಿದರು. ನೋಡಿಯೂ ವಾಪಸು ಹೋಗು ಅಂದರು. ಮುರುಗೇಶನ ಅಪ್ಪನೂ ಇವರೂ ಮಂಡಿಯಲ್ಲಿ ಒಟ್ಟಿಗೆ ಕೂರುವವರು, ಅಲ್ಲಿ ತಲೆ ತಗ್ಗಿಸಬೇಕಾಗುತ್ತದೆ ಎಂದು. ನನಗೆ ಸಿಟ್ಟು ಇನ್ನೂ ಇಳಿದಿಲ್ಲ. ಅವರಿಗೆ ಹುಷಾರಿಲ್ಲ ಎನ್ನುವುದು ಬೇರೆ, ಇದು ಬೇರೆ.

ಒಂದು ಮಾತು ಕೇಳುತ್ತೇನೆ. ಮನೆಯವರ ಹೆಸರುಗಳನ್ನೆಲ್ಲ ರೆಕಾರ್ಡ್ ಮಾಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಆ ಹೆಸರುಗಳಲ್ಲಿ ನನ್ನದೂ ಇದೆಯೇ? ಅವರ ಎದುರು ಒಂದು ಸಲವಾದರೂ ಹೇಳಿ ನೋಡಿದ್ದೀಯಾ?

ಜ್ಯೋತಿ


ಚಳ್ಳಕೆರೆ
2 ಏಪ್ರಿಲ್ 2007

ಚಿರಂಜೀವಿ ಜ್ಯೋತಿಗೆ ಆಶೀರ್ವಾದ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಇಷ್ಟು ದಿನ ತಗೊಂಡೆ. ಸುಳ್ಳು ಬರೆಯಬಹುದಿತ್ತು, ಮನಸ್ಸು ಒಪ್ಪಲಿಲ್ಲ.

ಯುಗಾದಿಯ ದಿನ ಬೇವು ಬೆಲ್ಲ ಅವರ ಬಾಯಿಗಿಟ್ಟೆ. ಮುಖ ಗೆಲುವಾಗಿತ್ತು. ಈಗಲೇ ಸಮಯ ಎಂದು ಮಂಚದ ಪಕ್ಕ ಕೂತು ಮೆಲ್ಲಗೆ, "ನಮ್ ಜ್ಯೋತಿಗೂ ಇವತ್ತು ಹಬ್ಬ ಅಲ್ವೇನ್ರೀ?" ಅಂದೆ. ಅವರು ನನ್ನನ್ನೇ ನೋಡಿದರು. "ಬ್ಯಾಡ" ಅಂದರು. ಮತ್ತೆ "ಬ್ಯಾಡ" ಎಂದು ಎಡಗೈಯಿಂದ ಬಟ್ಟಲನ್ನು ನೂಕಿದರು. ಬೆಲ್ಲ ಹಾಸಿಗೆಯೆಲ್ಲ ಆಯಿತು.

ಡಾಕ್ಟ್ರಮ್ಮ ಹೇಳುತ್ತಾರೆ, ಅದು ನಾಲಿಗೆಗೆ ಅಂಟಿಕೊಂಡ ಪದ, ಅರ್ಥ ಹುಡುಕಬೇಡಿ ಎಂದು. ಇರಬಹುದು. ಆದರೆ ಇಷ್ಟು ವರ್ಷ ಅವರ ಮುಖ ಓದಿದವಳು ನಾನು. ಆವತ್ತಿನ ಮುಖ ಮಜ್ಜಿಗೆ ಬ್ಯಾಡ ಎನ್ನುವ ಮುಖ ಆಗಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆಡಬಾರದಿತ್ತೋ ಏನೋ.

ನೀನು ಊಟ ಬಿಟ್ಟು ಕೂರಬೇಡ. ಹನುಮಣ್ಣನ ಕೈಯಲ್ಲಿ ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ.

ನಿನ್ನ ಅವ್ವ


ಚಳ್ಳಕೆರೆ
25 ಮೇ 2007

ಚಿರಂಜೀವಿ ಜ್ಯೋತಿಗೆ ಆಶೀರ್ವಾದ.

ಏಪ್ರಿಲ್ ಪೂರ್ತಿ ಕಾದೆ, ಮೇ ಕೂಡ ಮುಗಿಯುತ್ತಾ ಬಂತು. ಗಂಗಾಂಬಿಕಾ ನನ್ನನ್ನು ಕಂಡೊಡನೆ ತಾನೇ ತಲೆ ಅಲ್ಲಾಡಿಸುತ್ತಾಳೆ, ಕೇಳುವ ಕೆಲಸವೂ ಇಲ್ಲ. ಚಟ್ನಿಪುಡಿಯ ಡಬ್ಬಿ ಖಾಲಿಯಾಗಿ ವಾಪಸು ಬಂದಾಗ ನೀನು ತಿಂದಿದ್ದೀಯ ಎಂದು ಸಮಾಧಾನ ಮಾಡಿಕೊಂಡೆ. ಡಬ್ಬಿಯೊಳಗೆ ಚೀಟಿ ಇದೆಯೇನೋ ಎಂದು ಎರಡು ಸಲ ನೋಡಿದೆ.

ನಿಮ್ಮಪ್ಪ ಈಗ ಪದ ಕೇಳುತ್ತಾರೆ. ನೀರು ಎಂದು ಕಂಪ್ಯೂಟರು ಹೇಳಿದರೆ ಚೊಂಬಿನ ಕಡೆ ನೋಡುತ್ತಾರೆ. ಬಾಯಿಂದ ಬರುವುದು ಮಾತ್ರ ಅದೇ ಬ್ಯಾಡ. ಲಕ್ವ ಹೊಡೆದು ಆರು ತಿಂಗಳು ದಾಟಿದರೆ ಮಾತು ಬರುವುದು ಕಷ್ಟ ಎಂದು ಡಾಕ್ಟ್ರಮ್ಮ ಈ ಸಲ ನೇರವಾಗಿ ಹೇಳಿದರು. ನಿಮ್ಮಪ್ಪ ಹೇಗೆ ಸದ್ದು ಮಾಡುತ್ತಾರೆ ಎಂದು ಡಾಕ್ಟ್ರಮ್ಮ ಕೇಳಬೇಕಂತೆ. ಅದಕ್ಕೆ ಮಲ್ಲಿಕ್ ತನ್ನ ಹಳೆಯ ಮೈಕನ್ನು ಮಂಚದ ತಲೆದೆಸೆಗೆ ಟೇಪು ಸುತ್ತಿ ಕಟ್ಟಿದ್ದಾನೆ. ಮೊನ್ನೆ ಒಂದಿಷ್ಟು ದನಿ ಹಿಡಿದು ಆಸ್ಪತ್ರೆಗೆ ಕೊಟ್ಟು ಬಂದ.

ಆರು ತಿಂಗಳು ಎಂದದ್ದು ಕಿವಿಯಲ್ಲೇ ಕೂತಿತು. ಆಯುಷ್ಯ ಸವೆಯುತ್ತದೆ ಎಂದು ಹೆಸರು ಹೇಳದೆ, ಇರುವ ಆಯುಷ್ಯವನ್ನೆಲ್ಲ ಅವರು ಮೂಗರಾಗಿ ಕಳೆದರೆ ಆ ಪುಣ್ಯ ಕಟ್ಟಿಕೊಂಡು ನಾನೇನು ಮಾಡಲಿ? ನಿನ್ನೆ ಮಧ್ಯಾಹ್ನ ಅವರು ಊಟ ಮಾಡಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮಲ್ಲಿಕ್ ಮಂಡಿಗೆ ಹೋಗಿದ್ದ. ಕಂಪ್ಯೂಟರಿನ ಕೆಂಪು ಗುಂಡಿ ಒತ್ತಿ ಉಗ್ರಾಣಕ್ಕೆ ಹೋದೆ. ವೈರು ಅಡ್ಡ ಇರುವುದರಿಂದ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಇರಲಿ, ಮಲಗಿದ್ದಾರಲ್ಲ ಎಂದುಕೊಂಡೆ. ಚೀಲಗಳ ನಡುವೆ ಕೂತು, ಪೂರ್ತಿ ಗೇಣು ಬಿಟ್ಟು, ತಾಳಿ ಹಿಡಿದುಕೊಂಡು ಹೇಳಿಬಿಟ್ಟೆ. ಮೊದಲ ಸಲ ದನಿಯೇ ಬರಲಿಲ್ಲ. ಆಮೇಲೆ ಬಂತು. ಮೂರು ಸಲ ಹೇಳಿದೆ. ಅದರ ಹಿಂದೆಯೇ ನಿನ್ನ ಹೆಸರನ್ನೂ ಹೇಳಿದೆ. ಒಂದು ತಪ್ಪು ಮಾಡುವವಳು ಎರಡು ಮಾಡಿದರೆ ಏನು. ಮೈ ಪೂರ್ತಿ ಬೆವೆತಿತ್ತು. ಮದುವೆಯ ದಿನ ಬೆವೆತದ್ದು ನೆನಪಾಗಿ ಒಬ್ಬಳೇ ನಕ್ಕೆ.

ಅವರಿಗೆ ಕೇಳಿಸುವ ಮೊದಲು ನಿನಗೆ ಕಳಿಸುತ್ತಿದ್ದೇನೆ. ನಾನು ಹಾಕಿ ಕೇಳಲಿಲ್ಲ. ಕೇಳದೆ ನಂಬಬೇಡ ಎಂದು ನೀನು ಅಂದಿದ್ದೆ, ಗೊತ್ತು. ಆದರೆ ಆ ಹೆಸರು ನನ್ನ ಬಾಯಿಂದ ಬಂದದ್ದನ್ನು ನನ್ನ ಕಿವಿಯಿಂದಲೇ ಮತ್ತೆ ಕೇಳುವ ಧೈರ್ಯ ನನಗಿಲ್ಲ. ಪಟ್ಟಿಯನ್ನೂ ನೋಡಲಿಲ್ಲ, ಮಾರ್ಚಿನಲ್ಲೇ ಒತ್ತಿಟ್ಟಿದ್ದೆನಲ್ಲ. ಗಂಗಾಂಬಿಕಾ ಕೈಯಲ್ಲಿ ಹಾಗೇ ಪೆನ್ ಡ್ರೈವಿಗೆ ಹಾಕಿಸಿದೆ. ದನಿ ತಿಳಿಯಾಗಿದೆಯೇ ಇಲ್ಲವೇ ಎಂದು ಒಂದು ಸಾಲು ಬರೆ. ಸಿಟ್ಟಿದ್ದರೆ ಸಿಟ್ಟಿನಲ್ಲೇ ಬರೆ.

ನಿನ್ನ ಅವ್ವ


ಮೊಳಕಾಲ್ಮೂರು
3 ಜೂನ್ 2007

ಅವ್ವ,

ನಿನ್ನ ದನಿ ತಿಳಿಯಾಗಿ ಬಂದಿಲ್ಲ. ಪಕ್ಕದ ಮನೆಯಿಂದ ಯಾರೋ ಮಾತಾಡಿದ ಹಾಗೆ ಬಂದಿದೆ. ಮಲ್ಲಿಕ್ ತನ್ನ ಮೈಕು ಹಾಕಿದಾಗ ಪಟ್ಟಿಯಲ್ಲಿ ಅದನ್ನು ಒತ್ತಿದ್ದಾನೆ, ಆಮೇಲೆ ಬದಲಾಯಿಸಿಲ್ಲ. ನೀನು ಉಗ್ರಾಣದಲ್ಲಿ ಮಾತಾಡಿದ್ದು ನನ್ನ ಮೈಕಿಗೆ. ಕಂಪ್ಯೂಟರು ಕೇಳಿಸಿಕೊಂಡದ್ದು ಅಪ್ಪನ ಮಂಚಕ್ಕೆ ಕಟ್ಟಿದ ಮೈಕಿನಿಂದ. ನೀನು ಒಂದು ಸಲ ಹಾಕಿ ಕೇಳಿದ್ದರೆ ಥೂ ಎಂದು ಅಳಿಸಿಹಾಕುತ್ತಿದ್ದೆ. ಕೇಳದೆ ಇದ್ದದ್ದು ನನ್ನ ಅದೃಷ್ಟ.

ಅಪ್ಪ ಮಲಗಿರಲಿಲ್ಲ ಅವ್ವ. ಅವರ ಉಸಿರು ನನ್ನ ಕಿವಿಯ ಹತ್ತಿರವೇ ಇದೆ. ಜುಂಯ್ ಎನ್ನುವ ಸದ್ದಿನ ನಡುವೆಯೂ ಗೊತ್ತಾಗುತ್ತದೆ. ದೂರದಲ್ಲಿ ನೀನು ಕೆಮ್ಮುತ್ತೀಯ, ಸುಮ್ಮನಾಗುತ್ತೀಯ. ಆಮೇಲೆ "ಕೊಟ್ಟೂರಪ್ಪ" ಅನ್ನುತ್ತೀಯ. ಉಸಿರು ನಿಲ್ಲುತ್ತದೆ. ಮಂಚ ಕಿರ್ರ್ ಅನ್ನುತ್ತದೆ, ಅವರು ಹೊರಳಿದ್ದಾರೆ. ನೀನು ಎರಡನೇ ಸಲ ಕರೆಯುತ್ತೀಯ.

ಅಪ್ಪ "ಓ" ಅನ್ನುತ್ತಾರೆ.

ಬ್ಯಾಡ ಅಲ್ಲ. ಅಂಗಳದಿಂದ ಯಾರಾದರೂ ಕೂಗಿದರೆ ಒಳಗಿನಿಂದ ಓ ಎನ್ನುತ್ತೇವಲ್ಲ, ಹಾಗೆ. ಮೂರನೇ ಸಲ ಕರೆದಾಗ ಮತ್ತೆ "ಓ", ಈ ಸಲ ಜೋರಾಗಿ. ನೀನು ಅಲ್ಲಿ ಚೀಲಗಳ ನಡುವೆ ನಿನ್ನ ಬೆವರಿನಲ್ಲಿ ಮುಳುಗಿದ್ದೆ, ನಿನಗೆ ಕೇಳಿಸಲಿಲ್ಲ. ಗಂಡ ಓಗೊಟ್ಟದ್ದು ಹೆಂಡತಿಗೆ ಕೇಳದೆ, ಇಲ್ಲಿ ಮಗ್ಗದ ಸದ್ದಿನ ನಡುವೆ ಕೂತ ನನಗೆ ಕೇಳಿತು. ನಾನು ಅತ್ತೆ. ಪಾತಮ್ಮ ಏನಾಯಿತೋ ಎಂದು ಮಗ್ಗ ನಿಲ್ಲಿಸಿ ಬಂದಳು.

ಆಮೇಲೆ ನೀನು ನನ್ನ ಹೆಸರು ಹೇಳುತ್ತೀಯ. ಅದಕ್ಕೆ ಅಪ್ಪ ಓ ಅನ್ನಲಿಲ್ಲ. ಏನೂ ಅನ್ನಲಿಲ್ಲ. ಇದನ್ನೂ ಬರೆಯಬೇಕು, ನೀನು ಸುಳ್ಳು ಬರೆಯಲಿಲ್ಲವಲ್ಲ. ಅಷ್ಟರಲ್ಲಿ ಮಲ್ಲಿಕ್ ಬಂದ ಚಪ್ಪಲಿ ಸದ್ದು. "ಅವ್ವ ಅದ್ಯಾಕೆ ಅವಳ ಹೆಸರು ಎತ್ತುತಾಳೆ? ಸಂಕಟ ಆಗ್ತೈತೇನಪ್ಪಾ? ತಡಿ, ಬಾಗ್ಲು ಹಾಕ್ತೀನಿ" ಅನ್ನುತ್ತಾನೆ. ಕದ ಎಳೆದ ಸದ್ದು. ಆಗ ಅಪ್ಪ "ಬ್ಯಾಡ" ಅನ್ನುತ್ತಾರೆ. ಅವನು ಮತ್ತೆ ಎಳೆಯುತ್ತಾನೆ, ಇವರು ಮತ್ತೆ "ಬ್ಯಾಡ". "ಗಾಳಿ ಬೇಕೇನಪ್ಪಾ? ಆತು ಬಿಡು" ಎಂದು ಅವನು ಹೋಗುತ್ತಾನೆ. ಬಾಗಿಲು ತೆರೆದೇ ಉಳಿಯುತ್ತದೆ. ನೀನು ಒಳಗೆ ನನ್ನ ಹೆಸರನ್ನು ಇನ್ನೊಂದು ಸಲ ಹೇಳುತ್ತಿರುತ್ತೀಯ.

ಎಲ್ಲದಕ್ಕೂ ಅನ್ನುವ ಮಾತೇ ಅದು, ನನಗೂ ಗೊತ್ತು. ಅದರ ಮೇಲೆ ಏನೂ ಕಟ್ಟಬಾರದು ಎಂದು ಎಷ್ಟು ಹೇಳಿಕೊಂಡರೂ ಮನಸ್ಸು ಕೇಳುತ್ತಿಲ್ಲ. ಬರುವ ಭಾನುವಾರ ಮೈಕು ಸರಿಮಾಡುವ ನೆಪದಲ್ಲಿ ಬರುತ್ತೇನೆ. ಮಲ್ಲಿಕ್ ಅಡ್ಡ ನಿಂತರೆ ಮೈಕು ನನ್ನದು, ನೋಡಬೇಕು ಅನ್ನುತ್ತೇನೆ. ಅಪ್ಪ ಅಡ್ಡ ನಿಂತರೆ ಮಾತ್ರ ಮೈಕು ಅಲ್ಲೇ ಇಟ್ಟು ವಾಪಸು ಬಂದುಬಿಡುತ್ತೇನೆ.

ಜ್ಯೋತಿ


ಚಳ್ಳಕೆರೆ
11 ಜೂನ್ 2007

ಜ್ಯೋತಿ,

ನಿನ್ನೆ ನೀನು ಬಂದದ್ದೂ ಹೋದದ್ದೂ ಕನಸಿನ ಹಾಗಾಗಿದೆ. ಮಲ್ಲಿಕ್ ಅಡ್ಡ ನಿಲ್ಲಲಿಲ್ಲ. ನಿನ್ನ ಕಾಗದವನ್ನು ಅವನ ಕೈಗೇ ಕೊಟ್ಟು ಓದಿಸಿದ್ದೆ, ನೀನು ಬೈದರೂ ಸರಿ. ಓದಿ ಎದ್ದುಹೋಗಿ ಹಿತ್ತಲಲ್ಲಿ ಮುಖ ತೊಳೆದುಕೊಂಡ.

ಆದರೆ ಅವರು ನಿನ್ನ ಕಡೆ ತಿರುಗಲೇ ಇಲ್ಲ. ನೀನು ಮಂಚದ ಪಕ್ಕ ಕೂತರೂ ಗೋಡೆ ನೋಡುತ್ತಿದ್ದರು. ನೀನು ಕಾಫಿ ಹಿಡಿದರೂ ನೋಡಲಿಲ್ಲ. ನೀನು ಸದ್ದಿಲ್ಲದೆ ಮೈಕನ್ನು ಅವರ ಬಾಯಿಗೆ ಒಂದು ಗೇಣು ಬಿಟ್ಟು ಇಟ್ಟೆ, ಪಟ್ಟಿ ಸರಿಮಾಡಿದೆ, ಕೆಂಪು ಗುಂಡಿ ಒತ್ತಿದೆ. "ಏನಾದ್ರೂ ಅಂದ್ರೆ ಹಿಡ್ಕೊಳ್ಳಲಿ" ಎಂದು, "ಬರ್ತೀನವ್ವ, ನಾಕು ಗಂಟೆ ಬಸ್ಸು" ಎಂದು ಹೊರಟುಬಿಟ್ಟೆ. ನಿನ್ನ ಬೆನ್ನು ನೋಡಿ ನನಗೆ ತಡೆಯಲು ಬಾಯಿ ಬರಲಿಲ್ಲ. ಈ ಮನೆಯಲ್ಲಿ ಬಾಯಿ ಬಿದ್ದವರು ಅವರೊಬ್ಬರೇ ಅಲ್ಲ.

ಗೇಟು ಸದ್ದಾಯಿತು. ಅವರು "ಬ್ಯಾಡ" ಅಂದರು. ಕಾಫಿ ಎತ್ತಿದೆ, ಬ್ಯಾಡ. ದಿಂಬು ಸರಿಮಾಡಿದೆ, ಬ್ಯಾಡ. ಎದ್ದು ಕೂರಲು ಒದ್ದಾಡಿದರು, ಕಣ್ಣೆಲ್ಲ ಬಾಗಿಲ ಕಡೆ. ಮಲ್ಲಿಕ್ ಬೈಕ್ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ, ಬಸ್ಸು ಹೋಗಿತ್ತು. ಬರಿಗೈಯಲ್ಲಿ ಬಂದು ನಿಂತ.

ನಾನು ಮಂಚದ ಮೇಲೆ ಅವರ ಎದುರಿಗೇ ಕೂತೆ. ಮಗ ನಿಂತಿದ್ದಾನೆ ಎಂದೂ ನೋಡಲಿಲ್ಲ. "ಕೊಟ್ಟೂರಪ್ಪ" ಎಂದು ಕರೆದೆ. ಈಗ ಬರೆದೂಬಿಟ್ಟೆ ನೋಡು. ಅವರು ನನ್ನ ಕಡೆ ತಿರುಗಿ "ಓ" ಅಂದರು.

"ಜ್ಯೋತಿ ಹೋದ್ಲು. ಹೋಗ್ಲಿ ಅಂತೀರಾ?" ಅಂದೆ.

"ಬ್ಯಾಡ."

ಅದು ಎಲ್ಲದಕ್ಕೂ ಅನ್ನುವ ಮಾತು, ಅದನ್ನು ನಂಬಿ ನಿನ್ನನ್ನು ಕರೆಸಿ ಮತ್ತೆ ನೋಯಿಸಲಾರೆ. ಅದಕ್ಕೆ ತಿರುಗಿಸಿ ಕೇಳಿದೆ. "ಹಂಗಾದ್ರೆ ಬರ್ಲಿ ಅಂತೀರಾ?"

ತುಟಿಗಳು ಮತ್ತೆ ಬ್ಯಾಡ ಎನ್ನಲು ಕೂಡಿಕೊಂಡವು. ನಾನು ನೋಡುತ್ತಾ ಇದ್ದೆ. ಅವರು ತಲೆ ಅಲ್ಲಾಡಿಸಿದರು, ಎಡಗೈಯಿಂದ ತಮ್ಮ ಬಾಯನ್ನು ತಾವೇ ಒರೆಸಿಕೊಂಡರು, ಬಂದ ಮಾತನ್ನು ಅಳಿಸುವ ಹಾಗೆ. ಕಣ್ಣಲ್ಲಿ ನೀರು ಬಂತು. ಆಮೇಲೆ ಬಾಯಿ ತೆರೆದು "ಓ" ಅಂದರು.

ಅವರ ಹತ್ತಿರ ಇರುವುದು ಎರಡೇ ಮಾತು ಜ್ಯೋತಿ. ಎರಡನ್ನೂ ನಿನಗೇ ಖರ್ಚು ಮಾಡಿದರು.

ನೀನು ಒತ್ತಿಟ್ಟು ಹೋದ ಗುಂಡಿ ಹಾಗೇ ಓಡುತ್ತಿತ್ತು, ಎಲ್ಲ ಅದರಲ್ಲಿದೆ. ಮಲ್ಲಿಕ್ ತಾನೇ ಪೆನ್ ಡ್ರೈವಿಗೆ ಹಾಕಿಕೊಟ್ಟಿದ್ದಾನೆ. ಈ ಸಲ ನಾನು ಹಾಕಿ ಕೇಳಿದ್ದೇನೆ, ನನ್ನ ದನಿಯನ್ನೂ ಕೇಳಿದ್ದೇನೆ. ಗೆರೆ ಎಲ್ಲೂ ಕೆಂಪಿಗೆ ಹೋಗಿಲ್ಲ.

ಇನ್ನು ಮೇಲೆ ಗಂಗಾಂಬಿಕಾ ಮನೆಗೆ ಕಾಗದ ಬರೆಯುವುದು ಬ್ಯಾಡ. ಮನೆಗೇ ಫೋನು ಮಾಡು. ಅವರ ತಲೆದೆಸೆಯಲ್ಲೇ ಇದೆ. ಎತ್ತುವುದು ನಾನು, ಹಿಡಿಯುವುದು ಅವರ ಕಿವಿಗೆ.

ನಿನ್ನ ಅವ್ವ
ದ್ರಾಕ್ಷಾಯಣಮ್ಮ